ತಟ್ಟೆಗಳ ಮೆರವಣಿಗೆ

ಓಸಾಕಾ ಮಹಾನಗರದ ನಾಂಬಾ ನಿಲ್ದಾಣದಿಂದ ನಾರಾ ಪಟ್ಟಣದತ್ತ ಹೊರಡುವ ಕಿಂತೆತ್ಸು ರೈಲಿನಲ್ಲಿ ವಿದೇಶೀ ಪ್ರವಾಸಿಗರಿಗೆ ಎಂದೂ ಕೊರತೆಯಿಲ್ಲ. ನಾರಾದಲ್ಲಿ ಮಹಾಬುದ್ಧನ ಕಂಚಿನ ವಿಗ್ರಹವಿದೆ. ನೋಡಬಂದವರ ಕೈಯಿಂದಲೇ ತಿಂಡಿಯನ್ನು ಕಸಿದು ತಿನ್ನುವ ಜಿಂಕೆಗಳ ಹಿಂಡಿದೆ. ಅವುಗಳ ಧ್ಯಾನದಲ್ಲಿ ಕುಳಿತ ಪ್ರವಾಸಿಗನು, ರೈಲು ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಎದುರಾಗುವ ಫುಸೆ ಎಂಬ ನಿಲ್ದಾಣದತ್ತ ಕತ್ತೆತ್ತಿಯೂ ನೋಡುವುದಿಲ್ಲ. ನೋಡಿದರೂ ಇಳಿಯಬೇಕೆನ್ನಿಸುವಂಥದು ಅಲ್ಲಿ ಏನೂ ಕಾಣದು. ಎತ್ತರದ ಕಂಬಗಳ ಮೇಲೆ ನಿಂತ ರೈಲು ನಿಲ್ದಾಣ, ಅದರ ಸುತ್ತ ತಲೆಗೆ ಸೂರು ಹೊದೆಸಿದ ಅಂಗಡಿಬೀದಿಗಳು, ಅವುಗಳಾಚೆ ಒಂದಕ್ಕೊಂದು ಒತ್ತಿಕೊಂಡಿರುವ ಸಣ್ಣ ಸಣ್ಣ ಕಾರ್ಖಾನೆಗಳು. ಮೊಳೆ, ತಿರುಪು, ಹಲ್ಲುಚಕ್ರ, ಅಚ್ಚು — ದೊಡ್ಡ ಯಂತ್ರಗಳಿಗೆ ಬೇಕಾಗುವ ಸಣ್ಣ ಸಾಮಾನುಗಳನ್ನೆಲ್ಲ ತಯಾರಿಸುವ ದುಡಿಮೆಗಾರರ ಊರು ಅದು. 1967ರಲ್ಲಿ ಫುಸೆ, ಕಾವಾಚಿ, ಹಿರಾವೋಕಾ ಎಂಬ ಮೂರು ಊರುಗಳು ಕೂಡಿ ಹಿಗಾಶಿ ಓಸಾಕಾ, ಎಂದರೆ ಪೂರ್ವ ಓಸಾಕಾ, ಎಂಬ ಒಂದೇ ನಗರವಾದುವು. ಅದಕ್ಕೆ ಒಂಬತ್ತು ವರ್ಷ ಮೊದಲು, 1958ರ ಏಪ್ರಿಲ್ ತಿಂಗಳಿನಲ್ಲಿ, ಫುಸೆಯ ನಿಲ್ದಾಣಕ್ಕೆ ಸಮೀಪದಲ್ಲಿ ತೆರೆದ ಒಂದು ಪುಟ್ಟ ಉಪಾಹಾರ ಗೃಹವು ಜಗತ್ತಿನ ಊಟದ ಪದ್ಧತಿಗಳ ಸಾಲಿಗೆ ಒಂದು ಹೊಸ ಪದ್ಧತಿಯನ್ನು ಸೇರಿಸಿತು. ಅದರ ಹೆಸರು ‘ಮವಾರು ಗೆನ್ರೊಕು ಸುಶಿ’. ಮವಾರು ಎಂದರೆ ತಿರುಗುವ.

ಅಲ್ಲಿ ತಿರುಗಿದುದು ತಿನ್ನುವವರಲ್ಲ, ತಿನಿಸು.

ನಮ್ಮ ಪಂಕ್ತಿ ಭೋಜನದಲ್ಲಿ ಉಣ್ಣುವವರು ಕದಲುವುದಿಲ್ಲ; ಬಡಿಸುವವರು ಬಕೆಟು ಸೌಟುಗಳೊಡನೆ ಸಾಲಿನುದ್ದಕ್ಕೂ ನಡೆಯುತ್ತಾರೆ. ‘ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿಯುವುದೂ, ಆ ಕೈಯ ಸಂದಿನಿಂದಲೇ ಇನ್ನೊಂದು ಹೋಳಿಗೆಯನ್ನು ಜಾರಿಸುವುದೂ ಅಲ್ಲಿಯ ಸೊಗಸು. ಫುಸೆಯ ಅಂಗಡಿಯಲ್ಲಿ ಬಡಿಸುವವರೇ ಇರಲಿಲ್ಲ. ಊಟದ ಕಟ್ಟೆಯ ಅಂಚಿಗೆ ಹೊಂದಿಕೊಂಡು ಒಂದು ಲೋಹದ ಪಟ್ಟಿ ಮೆಲ್ಲನೆ ಸುತ್ತುತ್ತಿತ್ತು. ಅದರ ಮೇಲೆ ಸುಶಿಯ ತಟ್ಟೆಗಳು ಒಂದರ ಹಿಂದೊಂದು ಸಾಗಿ ಬರುತ್ತಿದ್ದುವು. ರಥಬೀದಿಯ ಮನೆಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ತೇರನ್ನು ಕಾಯುವಂತೆ, ಗಿರಾಕಿಗಳು ತಮ್ಮ ತಮ್ಮ ಪೀಠಗಳಲ್ಲಿ ಕುಳಿತು ತಟ್ಟೆಯನ್ನು ಕಾಯುತ್ತಿದ್ದರು. ಬೇಕಾದುದು ಮುಂದೆ ಬಂದಾಗ ಕೈನೀಡಿ ಎತ್ತಿಕೊಳ್ಳುವುದು, ಬೇಡವಾದುದನ್ನು ಮುಂದಿನವರಿಗೆ ಹೋಗಗೊಡುವುದು, ಉಂಡಾದ ಮೇಲೆ ಖಾಲಿ ತಟ್ಟೆಗಳನ್ನು ಎಣಿಸಿ ಹಣ ತೆರುವುದು. ಇಷ್ಟೇ.

ಈ ಸರಳ ಏರ್ಪಾಟು ಜಪಾನಿನಲ್ಲಿ ಏಕೆ ಅಷ್ಟು ದೊಡ್ಡ ಸಂಗತಿಯಾಯಿತು ಎಂಬುದನ್ನು ತಿಳಿಯಲು ಸುಶಿಯ ಪೂರ್ವೋತ್ತರವನ್ನು ಸ್ವಲ್ಪ ಅರಿಯಬೇಕು. ಉಪ್ಪು ಹಚ್ಚಿದ ಮೀನನ್ನು ಅನ್ನದ ನಡುವೆ ತಿಂಗಳುಗಟ್ಟಲೆ ಅದುಮಿಟ್ಟು ಹುಳಿ ಬರಿಸುವುದು ಅದರ ಅತ್ಯಂತ ಹಳೆಯ ರೂಪ; ಬಿವಾ ಸರೋವರದ ಸುತ್ತಿನ ಊರುಗಳಲ್ಲಿ ಇಂದಿಗೂ ಅದನ್ನು ಮಾಡುತ್ತಾರೆ. ಇಂದು ಲೋಕವೆಲ್ಲ ಬಲ್ಲ ಸುಶಿ, ಎಂದರೆ ವಿನೆಗರ್ ಬೆರೆಸಿದ ಅನ್ನದ ಪುಟ್ಟ ಉಂಡೆಯನ್ನು ಅಂಗೈಯಲ್ಲಿ ಒತ್ತಿ ಅದರ ಮೇಲೊಂದು ಹಸಿಮೀನಿನ ಹೋಳನ್ನು ಮಲಗಿಸಿದ ತಿನಿಸು, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈಗಿನ ಟೋಕಿಯೋ ಆಗಿರುವ ಎದೋ ನಗರದಲ್ಲಿ ರೂಢಿಗೆ ಬಂದಿತು. ಅದನ್ನು ಪ್ರಸಿದ್ಧಿಗೆ ತಂದವರಲ್ಲಿ ಹಾನಾಯಾ ಯೊಹೆಯಿ ಎಂಬಾತನ ಹೆಸರು ಮುಖ್ಯ. ಅಂದು ಅದು ಬೀದಿಬದಿಯ ಗಾಡಿಯಲ್ಲಿ ಮಾರುವ ತಿಂಡಿ. ಕೂಲಿಕಾರರು, ಕುಶಲಕರ್ಮಿಗಳು ನಿಂತಲ್ಲಿಯೇ ಎರಡು ಮೂರು ಬಾಯಿಗೆ ಹಾಕಿಕೊಂಡು, ಕೈಯೊರಸಿಕೊಂಡು ನಡೆದುಬಿಡುತ್ತಿದ್ದರು.

ಆ ಬೀದಿಯ ತಿಂಡಿ ಕಾಲಕ್ರಮದಲ್ಲಿ ಮೆಟ್ಟಿಲು ಹತ್ತಿ ಒಳಕ್ಕೆ ಹೋಯಿತು. ನುಣುಪಾದ ಮರದ ಕಟ್ಟೆ, ಅದರಾಚೆ ಬಿಳಿಯ ಉಡುಪಿನ, ವರ್ಷಗಟ್ಟಲೆ ಗುರುಸೇವೆ ಮಾಡಿ ಕೈ ಪಳಗಿಸಿಕೊಂಡ ಬಾಣಸಿಗ, ಈಚೆ ಬಾಯಿರುಚಿಯೂ ಹಣದ ಚೀಲವೂ ಎರಡೂ ದೊಡ್ಡದಾದ ಗಿರಾಕಿ. ಇಂತಹ ಅಂಗಡಿಗಳ ಗೋಡೆಯ ಮೇಲೆ ಮೀನುಗಳ ಹೆಸರನ್ನು ಬರೆದ ಹಲಗೆಗಳು ತೂಗುತ್ತವೆ, ಬೆಲೆ ಬರೆದಿರುವುದಿಲ್ಲ. ಬರೆದಿದ್ದರೆ ಅದು ‘ಜಿಕಾ’ ಎಂಬ ಒಂದೇ ಮಾತು. ಅದರ ಅರ್ಥ ‘ಅಂದಂದಿನ ಬೆಲೆ’. ಮೀನುಮಾರುಕಟ್ಟೆಯ ಏರಿಳಿತವನ್ನು ನೋಡಿದರೆ ಈ ಮಾತಿನಲ್ಲಿ ಮೋಸವಿಲ್ಲ. ಆದರೆ ಸಂಬಳದ ದಿನ ಹೆಂಡತಿಮಕ್ಕಳನ್ನು ಕರೆದುಕೊಂಡು ಹೋದ ಸಾಮಾನ್ಯ ಗುಮಾಸ್ತನಿಗೆ ಅದರಷ್ಟು ಭಯಂಕರವಾದ ಮಾತು ಇನ್ನೊಂದಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದೆ, ಕೇಳದಿದ್ದರೆ ಹಣ ಹೋಗುತ್ತದೆ. ಆದ್ದರಿಂದ ಬಹುಪಾಲು ಕುಟುಂಬಗಳು ಆ ಬಾಗಿಲಿನೊಳಕ್ಕೆ ಕಾಲಿಡುತ್ತಲೇ ಇರಲಿಲ್ಲ. ತಮ್ಮದೇ ನಾಡಿನ ತಿನಿಸು ತಮಗೆ ನಂಟರ ಮನೆಯ ಮದುವೆಯಂತೆ ಎಂದೋ ಒಮ್ಮೆ ಒದಗುವ ಭಾಗ್ಯವಾಗಿತ್ತು.

ಫುಸೆಯ ಅಂಗಡಿಯ ಒಡೆಯರು ಯೋಶಿಯಾಕಿ ಶಿರಾಯಿಶಿ. ಅವರು ಅದಕ್ಕೆ ಮೊದಲು ನಡೆಸುತ್ತಿದ್ದುದು ಗಿರಾಕಿಗಳು ನಿಂತು ತಿನ್ನುವ ಒಂದು ಅಗ್ಗದ ಸುಶಿ ಅಂಗಡಿ. ಸುತ್ತಣ ಕಾರ್ಖಾನೆಗಳ ಕೆಲಸಗಾರರೇ ಅವರ ಗಿರಾಕಿಗಳು. ವ್ಯಾಪಾರಕ್ಕೇನೂ ಕಡಮೆಯಿರಲಿಲ್ಲ, ಕಡಮೆಯಾದುದು ಕೈಗಳು. ಯುದ್ಧಾನಂತರದ ಜಪಾನಿನಲ್ಲಿ ಕೈಗಾರಿಕೆಗಳು ಭರದಿಂದ ಬೆಳೆಯುತ್ತಿದ್ದ ಕಾಲ ಅದು. ಅಂಗಡಿಯ ಮಾಣಿಗಿಂತ ಕಾರ್ಖಾನೆಯ ಕೆಲಸಗಾರನಿಗೆ ಸಂಬಳವೂ ಹೆಚ್ಚು, ಗೌರವವೂ ಹೆಚ್ಚು. ಹೀಗಾಗಿ ಯಾವ ಕಾರ್ಖಾನೆಗಳು ಅವರಿಗೆ ಗಿರಾಕಿಗಳನ್ನು ಕಳುಹಿಸುತ್ತಿದ್ದುವೋ ಅವೇ ಅವರ ಹುಡುಗರನ್ನು ಸೆಳೆದುಕೊಳ್ಳುತ್ತಿದ್ದುವು. ಜನ ಹೆಚ್ಚಿದರು, ಬಡಿಸುವವರು ಇಲ್ಲವಾದರು. ಬೆಲೆ ಏರಿಸಿ ಹೆಚ್ಚು ಸಂಬಳ ಕೊಡೋಣವೆಂದರೆ ಗಿರಾಕಿ ಹೋಗುತ್ತಾನೆ.

ಈ ಇಕ್ಕಟ್ಟಿನಲ್ಲಿದ್ದಾಗ ಅವರು ಅಸಾಹಿ ಬಿಯರಿನ ಕಾರ್ಖಾನೆಯೊಂದನ್ನು ನೋಡಲು ಹೋದರು. ಅಲ್ಲಿ ಸೀಸೆಗಳು ಚಲಿಸುವ ಪಟ್ಟಿಯ ಮೇಲೆ ಸಾಲಾಗಿ ಸಾಗಿ ಬರುತ್ತಿದ್ದುದನ್ನು ಕಂಡರು. ಆ ಪಟ್ಟಿಯನ್ನು ಅಲ್ಲಿಗೆ ಬಂದ ಎಷ್ಟು ಸಾವಿರ ಜನ ನೋಡಿರಬಹುದು! ಅದರ ಮೇಲೆ ಸೀಸೆಗೆ ಬದಲು ಸುಶಿಯನ್ನು ಕಂಡ ಕಣ್ಣು ಅವರದೊಂದೇ.

ಕಂಡದ್ದು ಕ್ಷಣದಲ್ಲಿ, ಮಾಡಿದುದು ವರ್ಷಗಳಲ್ಲಿ. ಬಿಯರಿನ ಪಟ್ಟಿ ನೇರ ಹೋದರೆ ಸಾಕು. ಊಟದ ಕಟ್ಟೆಯ ಪಟ್ಟಿಯಾದರೋ ಸುತ್ತಿ ಬರಬೇಕು. ಅಂಗಡಿ ಚಿಕ್ಕದು, ತಿರುವು ಕಿರಿದು. ಮೂಲೆಯಲ್ಲಿ ತಟ್ಟೆಗಳು ಒಂದನ್ನೊಂದು ನೂಕಿ ಕೆಳಗೆ ಬೀಳದಂತೆ ತಿರುಗಿಸುವುದು ಹೇಗೆ ಎಂಬ ಪ್ರಶ್ನೆಯೇ ಅವರನ್ನು ಬಹುಕಾಲ ಕಾಡಿತು. ಕೊನೆಗೆ ದೊರೆತ ಉಪಾಯ, ಪಟ್ಟಿಯನ್ನು ಒಂದೇ ಹಾಳೆಯಾಗಿ ಮಾಡದೆ ಬಾಗಿದ ಅಂಚಿನ ಬಿಡಿಬಿಡಿ ಫಲಕಗಳನ್ನು ಸರಪಣಿಯ ಮೇಲೆ ಜೋಡಿಸುವುದು. ನೇರದಲ್ಲಿ ಅವು ಒಂದಕ್ಕೊಂದು ಅಂಟಿದಂತಿದ್ದು, ತಿರುವಿನಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಇಂದಿಗೂ ಇಂತಹ ಅಂಗಡಿಗಳಲ್ಲಿ ತಟ್ಟೆಯ ಅಡಿಯನ್ನು ಗಮನಿಸಿದರೆ ಅರ್ಧಚಂದ್ರಾಕಾರದ ಈ ಫಲಕಗಳನ್ನು ಕಾಣಬಹುದು. ಇನ್ನು ವೇಗ. ಪಟ್ಟಿ ಬೇಗ ಓಡಿದರೆ ಮೀನು ಒಣಗುತ್ತದೆ. ತಿನ್ನುವವನಿಗೂ ರೈಲು ತಪ್ಪಿಹೋಗುವಂಥ ತಳಮಳ. ತೀರ ನಿಧಾನವಾದರೆ ಹಸಿದವನ ಸಹನೆ ಮೀರುತ್ತದೆ. ಒಂದು ಸೆಕೆಂಡಿಗೆ 8 ಸೆಂಟಿಮೀಟರ್ ಎಂಬುದು ಶಿರಾಯಿಶಿಯವರು ಹಿಡಿದ ಹದ. ಮದುವೆಯ ಮೆರವಣಿಗೆಗಿಂತಲೂ ಇದು ಎಷ್ಟೋ ನಿಧಾನ. ನೋಡಲು, ಮನಸ್ಸು ಮಾಡಲು, ಪಕ್ಕದವರ ಮುಖ ನೋಡಿ ಸಂಕೋಚಪಡಲು, ಕೊನೆಗೆ ಕೈ ನೀಡಲು ಸರಿಯಾಗಿ ಸಾಕಾಗುವಷ್ಟು ಕಾಲ ಅದರಲ್ಲಿದೆ.

ಅಂಗಡಿ ತೆರೆಯುವ ಅರೆವರ್ಷಕ್ಕೆ ಮೊದಲು, 1957ರ ಅಕ್ಟೋಬರಿನಲ್ಲಿ, ರಷ್ಯದವರು ಸ್ಪುಟ್ನಿಕ್ಕನ್ನು ಆಕಾಶಕ್ಕೆ ಹಾರಿಸಿದ್ದರು. ಭೂಮಿಯನ್ನು ಸುತ್ತುವ ಕೃತಕ ಉಪಗ್ರಹದ ಮಾತೇ ಎಲ್ಲರ ಬಾಯಲ್ಲಿ. ಶಿರಾಯಿಶಿಯವರು ತಮ್ಮ ಜಾಹೀರಾತಿನಲ್ಲಿ ಅದನ್ನೂ ಬಿಡಲಿಲ್ಲ. ‘ಕೃತಕ ಉಪಗ್ರಹ, ತಿರುಗುವ ಸುಶಿ’ ಎಂದು ಸಾರಿದರು. ಕೆಲಸ ಬಿಟ್ಟು ಬರುವ ಕಾರ್ಮಿಕರು ತಮ್ಮ ಸುತ್ತ ಉಪಗ್ರಹದಂತೆ ಸುತ್ತುವ ಸೀಗಡಿಯನ್ನು ನೋಡಲು ನೆರೆದರು. 1970ರಲ್ಲಿ ಓಸಾಕಾದ ಪಕ್ಕದ ಸುಯಿತಾದಲ್ಲಿ ನಡೆದ ಜಾಗತಿಕ ಪ್ರದರ್ಶನಕ್ಕೆ 6 ಕೋಟಿ 40 ಲಕ್ಷಕ್ಕೂ ಮಿಗಿಲಾದ ಜನ ಬಂದರು. ಅಲ್ಲಿಯೂ ಗೆನ್ರೊಕುವಿನ ಪಟ್ಟಿ ತಿರುಗಿತು. ಊರಿಗೆ ಹಿಂದಿರುಗಿದವರು ಚಂದ್ರನಿಂದ ತಂದ ಕಲ್ಲಿನ ವರ್ಣನೆಯೊಡನೆ ತಿರುಗುವ ತಟ್ಟೆಗಳ ವರ್ಣನೆಯನ್ನೂ ಒಯ್ದರು. ಒಂದು ಕಾಲಕ್ಕೆ ಆ ಸಂಸ್ಥೆಯ ಹೆಸರಿನಲ್ಲಿ ಇನ್ನೂರಕ್ಕೂ ಹೆಚ್ಚು ಅಂಗಡಿಗಳಿದ್ದುವು.

ಆದರೆ ಆ ಪಟ್ಟಿಯ ಮೇಲಿನ ಅವರ ಹಕ್ಕಿಗೆ ಸರ್ಕಾರ ಕೊಟ್ಟಿದ್ದ ರಕ್ಷಣೆ 1978ರಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಯಾರು ಬೇಕಾದರೂ ತಟ್ಟೆಗಳನ್ನು ತಿರುಗಿಸಬಹುದಾಯಿತು. ಬಹಳ ಮಂದಿ ತಿರುಗಿಸಿದರು. ಶಿರಾಯಿಶಿಯವರು ಮುಂದೆ ಯಂತ್ರಮಾನವರು ಸುಶಿಯನ್ನು ತಂದಿಡುವ ಅಂಗಡಿಯೊಂದನ್ನೂ ಯೋಚಿಸಿದರಂತೆ, ಅದು ಕೈಗೂಡಲಿಲ್ಲ. 2001ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರ ಹೆಸರನ್ನು ಬಲ್ಲವರಿಗಿಂತ ಅವರ ಪಟ್ಟಿಯ ಮುಂದೆ ಕುಳಿತು ಉಂಡವರು ಎಷ್ಟೋ ಪಾಲು ಹೆಚ್ಚಾಗಿದ್ದರು.

ಪಟ್ಟಿ ಹುಟ್ಟಿದ್ದು ಓಸಾಕಾದ ಬಳಿಯಾದರೂ ಈಗ ಜಪಾನಿಗೆ ಬೇಕಾದ ಪಟ್ಟಿಗಳಲ್ಲಿ ಬಹುಪಾಲು ತಯಾರಾಗುವುದು ದ್ವೀಪದ ಆಚೆಯ ದಡದಲ್ಲಿ, ಇಶಿಕಾವಾ ಪ್ರಾಂತದ ಕಾನಾಜಾವಾ ನಗರದ ಆಸುಪಾಸಿನಲ್ಲಿ. ಕುಳಿತವನ ಮುಂದೆ ಚಹಾಕ್ಕೆ ಬಿಸಿನೀರು ಕೊಡುವ ನಲ್ಲಿಯನ್ನು ಪಟ್ಟಿಯ ಜೊತೆಗೇ ಜೋಡಿಸಿ ಬಡಿಸುವವರ ಇನ್ನೊಂದು ಕೆಲಸವನ್ನು ತಪ್ಪಿಸಿದವರೂ ಅಲ್ಲಿಯವರೇ. ಕಾನಾಜಾವಾ ಸಮುದ್ರಕ್ಕೆ ಹತ್ತಿರ. ಅಲ್ಲಿಯ ಓಮಿಚೋ ಮಾರುಕಟ್ಟೆಯಲ್ಲಿ ಏಡಿ, ಸಿಹಿ ಸೀಗಡಿ, ಗಂಟಲು ಕಪ್ಪಗಿರುವುದರಿಂದ ‘ನೊದೊಗುರೊ’ ಎಂದು ಹೆಸರಾದ ಕೊಬ್ಬಿನ ಮೀನು ರಾಶಿ ಬೀಳುತ್ತವೆ. ಆ ಊರಿನ ತಿರುಗುವ ಸುಶಿಯ ಅಂಗಡಿಗಳಲ್ಲಿ ನಡುವೆ ನಿಜವಾದ ಬಾಣಸಿಗನೇ ನಿಂತಿರುವುದುಂಟು. ಬೆಲೆ ಸ್ವಲ್ಪ ಹೆಚ್ಚು, ರುಚಿ ಬಹಳ ಹೆಚ್ಚು. ಅಗ್ಗದ ಪಟ್ಟಿಯೆಂದು ಮೂಗು ಮುರಿಯುವ ಟೋಕಿಯೋದ ರಸಿಕರು ಕೂಡ ಕಾನಾಜಾವಾದ ಪಟ್ಟಿಯ ಮುಂದೆ ಮೂಗನ್ನು ನೆಟ್ಟಗೆ ಇಟ್ಟುಕೊಂಡಿರುತ್ತಾರೆಂದು ಹೇಳುವುದುಂಟು.

ನಗರಗಳ ಹೊರವಲಯದ ಹೆದ್ದಾರಿಗಳ ಬದಿಯಲ್ಲಿ, ವಿಶಾಲವಾದ ವಾಹನ ನಿಲ್ದಾಣಗಳ ನಡುವೆ ಇರುವ ದೊಡ್ಡ ಅಂಗಡಿಗಳ ರೀತಿಯೇ ಬೇರೆ. ಸುಶಿರೋ, ಕುರಾ, ಹಾಮಾ, ಕಪ್ಪಾ ಎಂಬ ಹೆಸರುಗಳನ್ನು ಜಪಾನಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಭಾನುವಾರ ಮಧ್ಯಾಹ್ನ ಅಲ್ಲಿ ಕಾಣುವುದು ಮೂರು ತಲೆಮಾರುಗಳು. ಬಾಗಿಲಲ್ಲಿ ಯಂತ್ರದಿಂದ ಸರದಿಯ ಚೀಟಿ ಪಡೆದು, ಸಂಖ್ಯೆ ಕೂಗಿದಾಗ ಒಳಗೆ ಹೋಗಬೇಕು. ಪಟ್ಟಿಗೆ ಅಡ್ಡಲಾಗಿ ಹಾಕಿದ ಮೇಜಿಗೆ ನಾಲ್ಕಾರು ಮಂದಿ ಎದುರುಬದುರು ಕೂರಬಹುದು. ಪಟ್ಟಿಯ ಅಂಚಿನ ಸ್ಥಾನಕ್ಕಾಗಿ ಮಕ್ಕಳಲ್ಲಿ ಮೊದಲ ಜಗಳ. ಅಜ್ಜ ಹಸಿರು ಚಹಾದ ಪುಡಿಯನ್ನು ಬಟ್ಟಲಿಗೆ ಹಾಕಿ, ಬಟ್ಟಲಿನಿಂದಲೇ ಗುಂಡಿಯನ್ನೊತ್ತಿ ಬಿಸಿನೀರು ಹಿಡಿಯುತ್ತಾನೆ. (ಇದನ್ನು ಕೈತೊಳೆಯುವ ನಲ್ಲಿಯೆಂದು ತಿಳಿದು ಬೆರಳು ಸುಟ್ಟುಕೊಂಡ ವಿದೇಶೀಯರ ಕಥೆಗಳಿಗೆ ಲೆಕ್ಕವಿಲ್ಲ. ಕೈಗೆ ಒದ್ದೆಬಟ್ಟೆ ಬೇರೆಯೇ ಕೊಡುತ್ತಾರೆ.) ತೆಳ್ಳಗೆ ಹೆಚ್ಚಿ ವಿನೆಗರಿನಲ್ಲಿ ನೆನೆಸಿದ ಶುಂಠಿ ಡಬ್ಬದಲ್ಲಿದೆ, ಅದಕ್ಕೆ ಬೆಲೆಯಿಲ್ಲ. ಸೋಯಾ ರಸದ ಸೀಸೆ ಇದೆ. ಮೂಗಿನ ತುದಿಯಿಂದ ನೆತ್ತಿಗೇರುವ ವಸಾಬಿ ಎಂಬ ಹಸಿರು ಖಾರವನ್ನು, ಮಕ್ಕಳು ಉಣ್ಣುವರೆಂಬ ಕಾರಣಕ್ಕೆ, ಬಹಳ ಅಂಗಡಿಗಳಲ್ಲಿ ಸುಶಿಯೊಳಗೆ ಹಾಕದೆ ಬೇರೆಯಾಗಿಯೇ ಇಡುತ್ತಾರೆ.

ಆಮೇಲೆ ತಟ್ಟೆಗಳು. ಸಾಮಾನ್ಯವಾಗಿ ಒಂದರಲ್ಲಿ ಎರಡು ಸುಶಿ. ಬಣ್ಣವೇ ಬೆಲೆ: ಈ ಬಣ್ಣಕ್ಕೆ ಇಷ್ಟು, ಚಿನ್ನದ ಅಂಚಿಗೆ ಅಷ್ಟು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಗೃಹಿಣಿ ಮಾತನಾಡುತ್ತಲೇ ಕಣ್ಣಿನ ಕೊನೆಯಲ್ಲಿ ತಟ್ಟೆಗಳ ಗೋಪುರವನ್ನು ಅಳೆಯುತ್ತಿರುತ್ತಾಳೆ. ಒಟ್ಟು ಎಷ್ಟಾಗುವುದೆಂದು ಅವಳಿಗೆ ಯಾವ ಗಳಿಗೆಯಲ್ಲಿಯೂ ಗೊತ್ತು. ‘ಜಿಕಾ’ ಎಂಬ ಮಾತಿನ ಭಯ ಇಲ್ಲಿಲ್ಲ. ಮಗುವೊಂದು ತಾನು ಆರಿಸಿದ ತಟ್ಟೆಯನ್ನು ಯಾರನ್ನೂ ಕೇಳದೆ ತಾನೇ ಎತ್ತಿಕೊಳ್ಳುತ್ತದೆ, ಅಪ್ಪ ಗದರುವುದಿಲ್ಲ. ಬಡಿಸುವವನ ಅವಸರ, ಬಾಣಸಿಗನ ಗಾಂಭೀರ್ಯ, ಪಕ್ಕದ ಸಿರಿವಂತನ ದೃಷ್ಟಿ ಯಾವುದೂ ಇಲ್ಲದೆ ಮಧ್ಯಮವರ್ಗದ ಕುಟುಂಬವೊಂದು ಮರ್ಯಾದೆಯಿಂದ ಕುಳಿತು ಮೀನು ತಿಂದಿತು. ಇಂತಹ ಅಂಗಡಿಗಳಲ್ಲಿ ಅನ್ನದ ಉಂಡೆಯನ್ನು ಒತ್ತುವುದು ಬಹುಮಟ್ಟಿಗೆ ಯಂತ್ರ. 1981ರಿಂದ ಬಳಕೆಗೆ ಬಂದ ಈ ಯಂತ್ರಗಳು ಗಂಟೆಗೆ ಸಾವಿರಾರು ಉಂಡೆಗಳನ್ನು ಕಟ್ಟುತ್ತವೆ. ಹಳೆಯ ಬಾಣಸಿಗರು ಇದನ್ನು ಸುಶಿಯೆನ್ನಲು ಒಪ್ಪುವುದಿಲ್ಲ. ಅವರ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಸುಶಿ ಹುಟ್ಟಿದ್ದು ಬೀದಿಯ ಗಾಡಿಯಲ್ಲಿ ಎಂಬುದನ್ನು ನೆನೆದರೆ, ಮೆಟ್ಟಿಲು ಹತ್ತಿ ಹೋದುದನ್ನು ಈ ಪಟ್ಟಿ ಮತ್ತೆ ಕೆಳಕ್ಕೆ ಕರೆತಂದಿತು ಎನ್ನಬೇಕಾಗುತ್ತದೆ.

ಹೊಸ ರುಚಿಗಳಿಗೂ ಪಟ್ಟಿಯೇ ದಾರಿ. ಜಪಾನೀಯರು ತಮ್ಮ ಕಡಲಿನ ಸಾಲ್ಮನ್ ಮೀನನ್ನು ಹುಳುವಿನ ಹೆದರಿಕೆಯಿಂದ ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆ ದೇಶದವರು ತಾವು ಸಾಕಿದ ಸಾಲ್ಮನ್ನನ್ನು ಅಲ್ಲಿ ಮಾರಲು ಪಟ್ಟುಹಿಡಿದು ನಿಂತರು. ಸಂಪ್ರದಾಯದ ಕಟ್ಟೆಗಳು ಬಾಗಿಲು ತೆರೆಯಲಿಲ್ಲ, ಪಟ್ಟಿ ತೆರೆಯಿತು. ಇಂದು ಅಲ್ಲಿಯ ಮಕ್ಕಳಿಗೆ ಸುಶಿಯೆಂದರೆ ಮೊದಲು ನೆನಪಾಗುವುದೇ ಆ ಕಿತ್ತಳೆ ಬಣ್ಣದ ಮೀನು.

ಶಾಕಾಹಾರಿಗಳಾದ ಓದುಗರು ಇಷ್ಟು ಹೊತ್ತಿಗೆ ಪುಟ ತಿರುಗಿಸುವ ಯೋಚನೆಯಲ್ಲಿರಬಹುದು. ಅವರು ಪೂರಾ ಉಪವಾಸ ಬೀಳಬೇಕಾಗಿಲ್ಲ. ಸೌತೆಕಾಯಿಯನ್ನು ಅನ್ನದಲ್ಲಿ ಸುತ್ತಿ ಮೇಲೆ ಕಡಲಪಾಚಿಯ ಹಾಳೆ ಹೊದೆಸಿದ ‘ಕಪ್ಪಾ ಮಾಕಿ’ ಎಲ್ಲ ಕಡೆಯೂ ಸಿಗುತ್ತದೆ. ಕಪ್ಪಾ ಎಂಬುದು ಜಪಾನಿನ ಹೊಳೆಗಳಲ್ಲಿ ಇರುವುದೆಂದು ನಂಬಲಾದ ಒಂದು ಜಲಪಿಶಾಚಿ. ಅದಕ್ಕೆ ಸೌತೆಕಾಯಿಯೆಂದರೆ ಪ್ರಾಣ. ಕರಿದ ಸೋಯಾ ಗಿಣ್ಣಿನ ಚೀಲಕ್ಕೆ ಅನ್ನ ತುಂಬಿದ ‘ಇನಾರಿ’ಗೆ ಆ ಹೆಸರು ಬಂದುದು ಬೆಳೆಯ ದೇವತೆಯಿಂದ, ಆ ದೇವತೆಯ ನರಿಗಳಿಗೆ ಅದು ಇಷ್ಟವಂತೆ. ಆದರೆ ಇನಾರಿಯ ಚೀಲವನ್ನು ಬೇಯಿಸುವ ರಸದಲ್ಲಿ ಸಾಮಾನ್ಯವಾಗಿ ಒಣಮೀನಿನ ಸಾರ ಇರುತ್ತದೆ. ಕಟ್ಟುನಿಟ್ಟಿನವರು ನರಿಯ ತಿಂಡಿಯನ್ನು ಬಿಟ್ಟು ಪಿಶಾಚಿಯ ತಿಂಡಿಯನ್ನು ನೆಚ್ಚಿಕೊಳ್ಳುವುದೇ ಕ್ಷೇಮ.

ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಈ ಏರ್ಪಾಟನ್ನು ಕೇಳಿದೊಡನೆ ಏಳುವ ಮೊದಲ ಪ್ರಶ್ನೆ ಬೆಲೆಯದೂ ಅಲ್ಲ, ಮೀನಿನದೂ ಅಲ್ಲ. ಎಂಜಲಿನ ಗತಿಯೇನು? ತಟ್ಟೆ ಇಪ್ಪತ್ತು ಜನರ ಮುಂದೆ ಹಾದು ಇಪ್ಪತ್ತೊಂದನೆಯವನಿಗೆ ಬರುತ್ತದೆ. ಆ ಇಪ್ಪತ್ತು ಜನ ಯಾರೋ, ಅವರ ಕೈ ಎಂಥದೋ, ಯಾರು ಬಲ್ಲರು? ಪ್ರಶ್ನೆ ನ್ಯಾಯವಾದದ್ದು; ಇಡೀ ಪಟ್ಟಿ ನಿಂತಿರುವುದೂ ಅದರ ಮೇಲೆಯೇ. ಅಲ್ಲಿಯ ಕಟ್ಟಳೆ ಚಿಕ್ಕದು. ಕೈಗೆ ತೆಗೆದುಕೊಂಡ ತಟ್ಟೆಯನ್ನು ಮತ್ತೆ ಪಟ್ಟಿಯ ಮೇಲೆ ಇಡಬಾರದು. ತೆಗೆದುಕೊಳ್ಳದ ತಟ್ಟೆಯನ್ನು ಮುಟ್ಟಬಾರದು. ತಟ್ಟೆ ಹಳಸದಂತೆ ನೋಡಿಕೊಳ್ಳಲು ಯಂತ್ರಗಳಿವೆ. ಸುಶಿರೋ ಸಂಸ್ಥೆಯು 2002ರಿಂದ ತಟ್ಟೆಗಳ ಅಡಿಯಲ್ಲಿ ಗುರುತಿನ ಚಿಪ್ಪನ್ನು ಅಳವಡಿಸಿ, 350 ಮೀಟರು ಸುತ್ತಿದರೂ ಯಾರೂ ಎತ್ತಿಕೊಳ್ಳದ ತಟ್ಟೆಯನ್ನು ತಾನಾಗಿಯೇ ಪಟ್ಟಿಯಿಂದ ಹೊರಹಾಕುವ ಏರ್ಪಾಟು ಮಾಡಿತು. ಕುರಾದವರು 2011ರಲ್ಲಿ ಪ್ರತಿ ತಟ್ಟೆಗೂ ಪಾರದರ್ಶಕವಾದ ಮುಚ್ಚಳ ಹೊದೆಸಿದರು. ಧೂಳಿಗೆ, ಕಾಲಕ್ಕೆ, ಒಣಗುವಿಕೆಗೆ ಹೀಗೆ ಮದ್ದು ದೊರೆಯಿತು. ಮನುಷ್ಯನ ಬೆರಳಿಗೆ ಮಾತ್ರ ಬೀಗವಿರಲಿಲ್ಲ, ಅದಕ್ಕಿದ್ದುದು ನಂಬಿಕೆಯೊಂದೇ. ಪರಿಚಯವಿಲ್ಲದ ಜನ ಒಬ್ಬರ ಅನ್ನವನ್ನು ಇನ್ನೊಬ್ಬರು ಕಾಯುತ್ತ, ಅರುವತ್ತಕ್ಕೂ ಹೆಚ್ಚು ವರ್ಷ, ದಿನವೂ ಲಕ್ಷಗಟ್ಟಲೆ ತಟ್ಟೆಗಳನ್ನು ಮೈಲಿಗೆಯಾಗದಂತೆ ಮುಂದಕ್ಕೆ ಕಳುಹಿಸಿದರು. ಮಡಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಯಾವ ಅಗ್ರಹಾರದಲ್ಲಾದರೂ ನಡೆದಿದೆಯೆ?

2023ರ ಜನವರಿಯ ಕೊನೆಗೆ ಆ ನಂಬಿಕೆಗೆ ಪೆಟ್ಟು ಬಿತ್ತು. ಗಿಫು ನಗರದ ಒಂದು ಅಂಗಡಿಯಲ್ಲಿ ಹುಡುಗನೊಬ್ಬನು ಸೋಯಾ ಸೀಸೆಯ ಮೂತಿಯನ್ನು ನೆಕ್ಕಿ, ಚಹಾದ ಬಟ್ಟಲನ್ನು ನೆಕ್ಕಿ ಸ್ವಸ್ಥಾನದಲ್ಲಿಟ್ಟು, ಎಂಜಲು ಬೆರಳನ್ನು ಹಾದುಹೋಗುವ ಸುಶಿಗೆ ಒರಸಿದ ಚಲಚ್ಚಿತ್ರವೊಂದು ಮೊಬೈಲು ದೂರವಾಣಿಗಳ ಮೂಲಕ ದೇಶವನ್ನೆಲ್ಲ ಸುತ್ತಿತು. ಒಂದು ನಿಮಿಷಕ್ಕೂ ಕಡಮೆಯ ಹುಡುಗಾಟ. ಅಂಗಡಿಯನ್ನು ನಡೆಸುತ್ತಿದ್ದ ಸಂಸ್ಥೆಯ ಷೇರಿನ ಬೆಲೆ ಒಂದೇ ದಿನದಲ್ಲಿ ಶೇಕಡಾ 5ರಷ್ಟು ಕುಸಿಯಿತು. ಸಂಸ್ಥೆಯವರು ಸುಮಾರು 6 ಕೋಟಿ 70 ಲಕ್ಷ ಯೆನ್ ಪರಿಹಾರಕ್ಕಾಗಿ ದಾವೆ ಹೂಡಿ, ಅದೇ ವರ್ಷದ ಜುಲೈಯಲ್ಲಿ ರಾಜಿಮಾಡಿಕೊಂಡರು. ಅದೇ ಬಗೆಯ ಕುಚೇಷ್ಟೆಗಳು ಬೇರೆ ಕಡೆಗಳಲ್ಲಿಯೂ ಹೊರಬಿದ್ದುವು. ವಿದೇಶಗಳಲ್ಲಿ ಇದನ್ನು ಓದಿದವರು, ಇಷ್ಟು ಸಣ್ಣ ವಿಷಯಕ್ಕೆ ಒಂದು ರಾಷ್ಟ್ರವೇ ಏಕೆ ತಲ್ಲಣಿಸಬೇಕೆಂದು ನಕ್ಕರು. ಎಂಜಲೆಂಬ ಮಾತಿನ ಭಾರವನ್ನು ಅರಿತ ಕನ್ನಡಿಗರು ನಗಲಾರರು.

ಮುಂದಿನ ತಿಂಗಳುಗಳಲ್ಲಿ ಒಂದೊಂದು ಸಂಸ್ಥೆ ಒಂದೊಂದು ದಾರಿ ಹಿಡಿಯಿತು. ಕುರಾದವರು ಪಟ್ಟಿಯನ್ನು ಬಿಡಲಿಲ್ಲ; ಮುಚ್ಚಳವನ್ನು ಸುಮ್ಮನೆ ತೆರೆದು ಮುಚ್ಚುವವರನ್ನು ಗುರುತಿಸುವ ಕ್ಯಾಮರಾಗಳನ್ನು ಇಟ್ಟರು. ಇನ್ನು ಹಲವರು ತಟ್ಟೆಗಳನ್ನು ತಿರುಗಿಸುವುದನ್ನೇ ನಿಲ್ಲಿಸಿದರು. ಮೇಜಿನ ಮೇಲಿನ ಫಲಕವನ್ನು ಮುಟ್ಟಿ ಬೇಕಾದುದನ್ನು ಕೇಳಿದರೆ, ಅದು ಬೇರೊಂದು ಹಳಿಯ ಮೇಲೆ ನೇರವಾಗಿ ಕೇಳಿದವನ ಮುಂದಕ್ಕೇ ಓಡಿ ಬಂದು ನಿಲ್ಲುತ್ತದೆ. ಯಾರ ಮುಂದೆಯೂ ಸುಳಿದಾಡುವುದಿಲ್ಲ. ಈ ವೇಗದ ಹಳಿ ಮೊದಲೂ ಇತ್ತು. ಈಗ ಅದೊಂದೇ ಉಳಿಯಿತು. ಮೀನು ತಾಜಾ, ದಂಡವಾಗುವ ತಟ್ಟೆಗಳು ಕಡಮೆ. ಲೆಕ್ಕದ ದೃಷ್ಟಿಯಿಂದ ಲಾಭವೇ. ಕೇಳಿದವರಿಗೆ ಮಾತ್ರ ಕೇಳಿದುದು ಬರುತ್ತದೆ. ಕೇಳಬೇಕೆಂದು ಹೊಳೆಯದಿದ್ದುದು ಎಂದೂ ಬರುವುದಿಲ್ಲ. ಎದುರಿಗೆ ಹಾದುಹೋಗುವ ಹೆಸರರಿಯದ ಮೀನನ್ನು ಕಂಡು ‘ನೋಡೋಣ’ ಎಂದು ಎತ್ತಿಕೊಳ್ಳುವ ಸಂಭ್ರಮಕ್ಕೆ ಅಲ್ಲಿ ಎಡೆಯಿಲ್ಲ. ಗಿರಾಕಿಗಳಿಗೂ ಇದು ತಿಳಿಯಿತೆಂದು ತೋರುತ್ತದೆ. ಏಕೆಂದರೆ 2023ರಲ್ಲಿಯೇ ಸುಶಿರೋದ ಕೆಲವು ಅಂಗಡಿಗಳಲ್ಲಿ ಮೇಜಿನ ಪಕ್ಕಕ್ಕೆ ಉದ್ದನೆಯ ಪರದೆಗಳನ್ನು ಹಾಕಿದರು. ಆ ಪರದೆಯ ಮೇಲೆ ತಟ್ಟೆಗಳು ಸಾಲಾಗಿ ಸಾಗುತ್ತವೆ. ಬೇಕೆನಿಸಿದ ತಟ್ಟೆಯನ್ನು ಮುಟ್ಟಿದರೆ ಅದು ಒಳಗಿನಿಂದ ಬರುತ್ತದೆ. ಸಾಗುವುವು ಸುಶಿಗಳಲ್ಲ, ಸುಶಿಗಳ ಚಿತ್ರಗಳು. ‘ತಿರುಗದ ತಿರುಗುವ ಸುಶಿ’ ಎಂಬ ಪರಿಹಾಸ್ಯದ ಮಾತು ಜಪಾನೀ ಭಾಷೆಯಲ್ಲಿ ಈಗ ಪತ್ರಿಕೆಗಳಲ್ಲಿಯೂ ಕಾಣುತ್ತದೆ.

ನೂರು ಯೆನ್ನಿನ ತಟ್ಟೆಯೂ ಹೋಯಿತು. ಮೀನು, ಹಡಗಿನ ಸಾಗಾಟ, ಎಣ್ಣೆ ಎಲ್ಲದರ ಬೆಲೆ ಏರಿ, ಯೆನ್ನಿನ ಬೆಲೆ ಇಳಿದು, 2022ರ ಅಕ್ಟೋಬರಿನಲ್ಲಿ ಸುಶಿರೋ ಮತ್ತು ಕುರಾ ಎರಡೂ ಬಹುಕಾಲದಿಂದ ಕಾಪಾಡಿಕೊಂಡು ಬಂದಿದ್ದ ಆ ಸುಲಭದ ಬೆಲೆಯನ್ನು ಕೈಬಿಟ್ಟವು. ಏರಿದುದು ಕೆಲವೇ ಯೆನ್. ಆದರೂ ಗೋಪುರದ ಎತ್ತರವನ್ನು ನೂರರಿಂದ ಗುಣಿಸಿ ಕ್ಷಣದಲ್ಲಿ ಲೆಕ್ಕ ಹೇಳುತ್ತಿದ್ದ ಮಕ್ಕಳಿಗೆ ಈಗ ಸ್ವಲ್ಪ ಯೋಚಿಸಬೇಕಾಗಿದೆ.

ಪಟ್ಟಿಯ ಆಯುಷ್ಯ ಮುಗಿಯಿತೆಂದು ಹಲವರು ಬರೆದರು. ಅಷ್ಟರಲ್ಲಿ 2025ರ ಏಪ್ರಿಲಿನಲ್ಲಿ, ಮೊದಲ ಪ್ರದರ್ಶನದ 55 ವರ್ಷಗಳ ಅನಂತರ, ಓಸಾಕಾದ ಯುಮೆಶಿಮಾ ಎಂಬ ಕೃತಕ ದ್ವೀಪದ ಮೇಲೆ ಮತ್ತೊಂದು ಜಾಗತಿಕ ಪ್ರದರ್ಶನ ತೆರೆಯಿತು. ಅಲ್ಲಿ ಕುರಾದವರು ಕಟ್ಟಿದ ಅಂಗಡಿಯ ಪಟ್ಟಿಯ ಉದ್ದ ಸುಮಾರು 135 ಮೀಟರು. ತಮ್ಮ ಅಂಗಡಿಗಳಲ್ಲೆಲ್ಲ ಅದೇ ಅತ್ಯಂತ ಉದ್ದನೆಯದು ಎಂದು ಅವರು ಹೇಳಿದರು. ಶಿರಾಯಿಶಿಯವರ ಹಳೆಯ ವೇಗದಲ್ಲಿ ಹೊರಟ ತಟ್ಟೆಯೊಂದು ಅಷ್ಟು ದೂರ ಸುತ್ತಿ ಬರಲು ಅರ್ಧ ಗಂಟೆಗೆ ಸಮೀಪವಾಗುತ್ತದೆ. ಸುಶಿಯ ಜೊತೆಗೆ ಸುಮಾರು 70 ದೇಶಗಳ ತಿನಿಸುಗಳನ್ನು ಪುಟ್ಟ ತಟ್ಟೆಗಳಲ್ಲಿಟ್ಟು ಅದರ ಮೇಲೆ ಕಳುಹಿಸಿದರು. ಯಾವ ದೇಶದ್ದೆಂದು ತಿಳಿಯದ ತಟ್ಟೆಯೊಂದು ಮುಚ್ಚಳದೊಳಗೆ ಕುಳಿತು ಮೆಲ್ಲನೆ ಬರುತ್ತಿರುವುದನ್ನು ಕಂಡು ಮಕ್ಕಳು ಮತ್ತೆ ಪಟ್ಟಿಯ ಅಂಚಿನ ಸ್ಥಾನಕ್ಕಾಗಿ ಜಗಳವಾಡಿದರು. ಅಕ್ಟೋಬರ್ 13ರಂದು ಪ್ರದರ್ಶನ ಮುಗಿಯುವವರೆಗೂ ಆ ಅಂಗಡಿಯ ಮುಂದೆ ಸರದಿಯ ಸಾಲು ಕರಗಲಿಲ್ಲ.